ಹೇಳುವ ಹಕ್ಕು, ತೀರ್ಮಾನಿಸುವ ಹಕ್ಕು


*ಇಂದಿನ ಧಮ್ಮ ಚಿಂತನೆ*

ಬಂಧುಗಳೇ, ನಮ್ಮ ಎಷ್ಟೋ ಮಕ್ಕಳು ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಿಂದ ಅನ್ನ ದುಡಿಯುತ್ತಿದ್ದಾರೆ. ಅದು ಹೇಗೆ ಬದಲಾಗಬೇಕೆಂದು ಯಾರು ಬೇಕಾದರೂ ಸಲಹೆ ಕೊಡಬಹುದು. ಆದರೆ 2018ರವರೆಗೆ ಕೊನೆಯ ಮಾತು ಅದನ್ನು ರೂಪಿಸಿದ ಗೀಡೊ ವಾನ್ ರೋಸಮ್ ಒಬ್ಬರದೇ. ಆ ವರ್ಷ ಒಂದು ಹೊಸ ಚಿಹ್ನೆಯ ವಿಷಯಕ್ಕೆ ಜಗಳ ಕಹಿಯಾಗಿ, ಅವರು ಆ ಸ್ಥಾನವನ್ನೇ ಬಿಟ್ಟರು. ಈಗ ಐವರ ಸಮಿತಿ ಇದೆ. ಅದನ್ನು ಆರಿಸುವವರು ಮುಖ್ಯ ಡೆವಲಪರ್‌ಗಳು. ಬಳಸುವ ಲಕ್ಷಾಂತರ ಜನರಿಗೆ ಮತವಿಲ್ಲ. "ಹೇಳಿದೆವು, ಯಾರು ಕೇಳಿದರು?" ಎಂಬ ಬೇಸರ ಹುಟ್ಟುವುದು ಇಲ್ಲೇ.

ಈ ನೋವು ನಮಗೆ ಹೊಸದಲ್ಲ. ಬುದ್ಧರ ಸಂಘದಲ್ಲಿ ದೊಡ್ಡ ತೀರ್ಮಾನವನ್ನು ಸಭೆಯ ಮುಂದೆ ಮೂರು ಸಲ ಇಟ್ಟು ಕೇಳುತ್ತಿದ್ದರು. ಕಾಯಿಲೆ ಬಿದ್ದ ಭಿಕ್ಖುವಿನ ಒಪ್ಪಿಗೆಯನ್ನೂ ತರಿಸುತ್ತಿದ್ದರು. ಒಮ್ಮತವಾಗದಿದ್ದರೆ ಕಡ್ಡಿ ಹಂಚಿ ಮತ ಎಣಿಸುತ್ತಿದ್ದರು. ಸಂಘದ ಇಂಥ ನಿಯಮಗಳನ್ನೇ ಬಾಬಾಸಾಹೇಬರು 1949ರ ನವೆಂಬರ್ 25ರಂದು ಸಂವಿಧಾನ ಸಭೆಗೆ ನೆನಪಿಸಿದರು.

ಆದ್ದರಿಂದ ಮಕ್ಕಳಿಗೆ ಹೇಳೋಣ: ಬೈಯಬೇಡಿ, ಅದು ಸಮ್ಮಾ ವಾಚಾ ಅಲ್ಲ. ಸುಮ್ಮನಾಗಲೂ ಬೇಡಿ. ಕಾರಣ ಬರೆಯಿರಿ, ಜೊತೆಗಾರರನ್ನು ಕೂಡಿಸಿ, ಕೆಲಸ ಮಾಡಿ ತೋರಿಸಿ ತೀರ್ಮಾನಿಸುವ ಜಾಗದಲ್ಲೇ ಕೂರಿ.

ನಾವೂ ಕೇಳಿಕೊಳ್ಳೋಣ: ನಮ್ಮ ವಿಹಾರದ ಸಭೆಯಲ್ಲಿ ಹಿಂದಿನ ಸಾಲಿನ ತಾಯಿಯ ಮಾತು ತೀರ್ಮಾನದವರೆಗೆ ತಲುಪುತ್ತಿದೆಯೇ?

ಜೈ ಭೀಮ್. ನಮೋ ಬುದ್ಧಾಯ. 🙏