ಕಾಗದ ಹರಿಯುವ ಕೈ

ಕೈಗೆ ಸಿಕ್ಕಿದ ಕಾಗದವನ್ನು ಎಳೆಯ ಮಗು ಹರಿಯುತ್ತದೆ. ಮನೆಯ ನಾಯಿಮರಿಯೂ ಹರಿಯುತ್ತದೆ. ಓದುಬರಹ ಬಲ್ಲ ನಾವೂ ಹರಿಯುತ್ತೇವೆ. ಕ್ರಿಯೆ ಒಂದೇ. ಆದರೆ ಮೂವರ ಹೊಣೆಯೂ ಒಂದೇ ಆದೀತೆ?

ಹಲ್ಲು ಮೂಡುವಾಗ ನಾಯಿಮರಿಯ ಒಸಡು ನವೆಯಾಗುತ್ತದೆ. ಏನನ್ನಾದರೂ ಕಚ್ಚಿದರೆ ಹಿತ. ಬೇಟೆಯನ್ನು ಸಿಗಿದು ತಿನ್ನುತ್ತಿದ್ದ ಪೂರ್ವಜರ ಸ್ವಭಾವವೂ ಅದರಲ್ಲಿ ಉಳಿದಿದೆ. ಒಂಟಿಯಾಗಿ ಕಟ್ಟಿಹಾಕಿದರಂತೂ ಬೇಸರ ಕಳೆಯಲು ಅದಕ್ಕೆ ಬೇರೆ ದಾರಿಯಿಲ್ಲ. ಮಗುವಿನ ಪ್ರೇರಣೆ ಬೇರೆ. ತಾನು ಎಳೆದೊಡನೆ ಒಂದು ಎರಡಾಯಿತು, 'ಪರ್' ಎಂಬ ಸದ್ದೂ ಬಂದಿತು! ತನ್ನಿಂದ ಲೋಕದಲ್ಲಿ ಏನೋ ನಡೆಯಿತೆಂಬ ಆನಂದ ಅದು. ಯಂತ್ರದಲ್ಲಿ ತಯಾರಾದ ಕಾಗದದ ನಾರುಗಳು ಬಹುಮಟ್ಟಿಗೆ ಒಂದೇ ದಿಕ್ಕಿಗೆ ಮಲಗಿರುತ್ತವೆ. ಆ ದಿಕ್ಕಿನಲ್ಲಿ ಹರಿದರೆ ನೇರವಾಗಿ ಹರಿಯುತ್ತದೆ, ಅಡ್ಡಕ್ಕೆ ಹರಿದರೆ ಸೊಟ್ಟಗಾಗುತ್ತದೆ. ಹಳೆಯ ವೃತ್ತಪತ್ರಿಕೆಯನ್ನು ಕೊಟ್ಟರೆ ವಿದ್ಯಾರ್ಥಿಗಳು ಇದನ್ನು ಹರಿದೇ ಕಲಿಯುತ್ತಾರೆ. ಆದುದರಿಂದ ಹರಿಯುವುದೆಲ್ಲವೂ ಹಾಳುಮಾಡುವುದಲ್ಲ.

ದೊಡ್ಡವರಲ್ಲಿಯೂ ಸಲ್ಲುವ ಹರಿತವುಂಟು. ಸಾಲ ತೀರಿದ ದಿನ ಪತ್ರವನ್ನು ಹರಿದರೆ ಎರಡು ಮನೆಗಳಿಗೂ ನೆಮ್ಮದಿ. ಸಾವಿನ ಸುದ್ದಿ ತಂದ ಕಾಗದವನ್ನು ಓದಿದೊಡನೆ ಹರಿದುಬಿಡುವುದು ನಮ್ಮ ಹಿರಿಯರ ರೂಢಿ. ದುಃಖವನ್ನು ಮನೆಯೊಳಗೆ ಇರಿಸಿಕೊಳ್ಳಬಾರದೆಂಬ ಭಾವ. ಕನ್ನಡದ 'ಹರಿ' ಎಂಬ ಧಾತುವೇ ಸೊಗಸು: ನೀರು ಹರಿಯುತ್ತದೆ, ಬೆಳಕು ಹರಿಯುತ್ತದೆ, ಋಣವೂ ಹರಿಯುತ್ತದೆ.

ಇನ್ನು ಕೋಪದ ಮಾತು. ಒಮ್ಮೆ ನಾನು ಲೆಕ್ಕ ತಪ್ಪಿದ ಹುಡುಗನೊಬ್ಬನ ಹಾಳೆಯನ್ನು ತರಗತಿಯ ಎದುರಿನಲ್ಲಿಯೇ ಹರಿದೆ. ಅವನು ಅಳಲಿಲ್ಲ; ಚೂರುಗಳನ್ನು ಆಯ್ದುಕೊಂಡು ಹೋದನು. ಮರುದಿನ ಅನ್ನದ ಅಗುಳಿನಿಂದ ಅಂಟಿಸಿದ ಅದೇ ಹಾಳೆಯನ್ನು ನನ್ನ ಮೇಜಿನ ಮೇಲಿಟ್ಟನು. ಅದರ ಹಿಂಬದಿಯಲ್ಲಿ ಅದೇ ಲೆಕ್ಕವನ್ನು ಅವನು ಮತ್ತೆ ಮಾಡಿದ್ದನು, ಉತ್ತರ ಸರಿಯಾಗಿತ್ತು. ಹಿಂದಿನ ದಿನವೂ ಅದು ಅಲ್ಲಿತ್ತು. ನಾನು ತಿರುವಿ ನೋಡಿರಲಿಲ್ಲ.

ನಾಯಿಮರಿಗೆ ಓದಲು ಬಾರದು. ನನಗೆ ಬರುತ್ತಿತ್ತು, ಆದರೂ ಓದಲಿಲ್ಲ. ಅಪರಾಧವಿರುವುದು ಇಲ್ಲಿಯೇ ಎಂದು ನನಗೆ ತೋರುತ್ತದೆ. ಹರಿಯುವ ಕೈಗಿಂತ, ನೋಡಬಲ್ಲುದಾಗಿಯೂ ನೋಡದ ಕಣ್ಣು ಹೆಚ್ಚಿನ ತಪ್ಪುಗಾರ.

1565ರ ಯುದ್ಧದ ತರುವಾಯ ವಿಜಯನಗರದ ಅರಸರು ತಮ್ಮ ರಾಜಧಾನಿಯನ್ನು ನಮ್ಮ ಪೆನುಕೊಂಡಕ್ಕೆ ತಂದರು. ಆ ರಾಜ್ಯ ಹರಿದು ಹಂಚಿಹೋಯಿತು. ಇಲ್ಲಿಯ ಕಲ್ಲಿನ ಮೇಲಿನ ಅಕ್ಷರಗಳು ಇಂದಿಗೂ ಉಳಿದಿವೆ. ಕಲ್ಲನ್ನು ಒಡೆಯಬೇಕಾದರೆ ಸುತ್ತಿಗೆ ತರಬೇಕು, ಬೆವರು ಸುರಿಸಬೇಕು. ಅಷ್ಟು ಹೊತ್ತಿಗೆ ಒಬ್ಬನ ಕೋಪವಾದರೂ ಇಳಿದೀತು. ಕಾಗದವು ಅಂತಹ ಅವಕಾಶವನ್ನು ಕೊಡುವುದಿಲ್ಲ. ಆ ಒಂದು ಕ್ಷಣದ ತಡೆಯನ್ನು ನಾವೇ ನಮ್ಮೊಳಗೆ ಇರಿಸಿಕೊಳ್ಳಬೇಕು.

ಮಕ್ಕಳ ಹಾಳೆ ಕೈಗೆ ಬಂದಾಗ ನಾನು ಈಗ ಮೊದಲು ಅದನ್ನು ತಿರುವಿ ನೋಡುತ್ತೇನೆ.