ಸಾಕಿದ ಮೀನಿನ ಋಣ

ಅನ್ಯಪ್ರಾಣಿಯೊಂದನ್ನು ಕೇವಲ ನಮ್ಮ ಕಣ್ಣಿನ ಸಂತೋಷಕ್ಕಾಗಿ ಮನೆಯಲ್ಲಿ ಇಟ್ಟುಕೊಳ್ಳುವುದು ನ್ಯಾಯವೇ ಎಂಬ ಪ್ರಶ್ನೆ ಹಳೆಯದು. ಹಸು ಹಾಲನ್ನೀಯುತ್ತದೆ, ನಾಯಿ ಬಾಗಿಲು ಕಾಯುತ್ತದೆ. ಇವುಗಳೊಡನೆ ನಮ್ಮದು ಕೊಟ್ಟು ಕೊಳ್ಳುವ ಸಂಬಂಧವೆಂದಾದರೂ ಹೇಳಿಕೊಳ್ಳಬಹುದು. ಗಾಜಿನ ತೊಟ್ಟಿಯ ಮೀನಿನ ವಿಷಯದಲ್ಲಿ ಆ ಸಮಾಧಾನವೂ ಇಲ್ಲ. ಅದು ಈಜುತ್ತದೆ, ನಾವು ನೋಡುತ್ತೇವೆ, ಇಷ್ಟೇ ವ್ಯವಹಾರ. ಬೆಂಗಳೂರಿನ ಪಶ್ಚಿಮಭಾಗದ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳ ಮನೆಗಳಲ್ಲಿ ಇಂದು ಇಂಥ ತೊಟ್ಟಿಗಳು ಅಪರೂಪವಲ್ಲ. ಕೆಲವರು ನೋಟದಿಂದಲೇ ತೃಪ್ತರಾಗದೆ ಮೀನುಗಳಿಂದ ಮರಿಮಾಡಿಸುವುದಕ್ಕೂ ತೊಡಗುತ್ತಾರೆ. ಸಾಕುವವನ ಹೊಣೆ ಒಂದು ಬಗೆಯದು. ಹುಟ್ಟಿಸುವವನ ಹೊಣೆ ಅದಕ್ಕಿಂತ ಹಿರಿದು. ಈ ಎರಡರ ತಾರತಮ್ಯವನ್ನು ಇಲ್ಲಿ ಸ್ವಲ್ಪ ವಿಚಾರಮಾಡೋಣ.

ಅಂಗಡಿಗಳಲ್ಲಿ ಪೀಕಾಕ್ ಗಡ್ಜನ್ ಎಂದು ಮಾರುವ, ನಾವು ನವಿಲು ಗಡ್ಜನ್ ಎನ್ನಬಹುದಾದ ಪುಟ್ಟ ಮೀನನ್ನು ದೃಷ್ಟಾಂತವಾಗಿ ತೆಗೆದುಕೊಳ್ಳಬಹುದು. ಪಪುವಾ ನ್ಯೂಗಿನಿಯ ಪೂರ್ವಭಾಗದ ಸಿಹಿನೀರಿನ ತೊರೆಗಳು ಇದರ ತವರು. ಶಾಸ್ತ್ರಜ್ಞರು ಇದಕ್ಕೆ ಹೆಸರಿಟ್ಟುದು 1955ರಲ್ಲಿ. ನಮ್ಮ ಕೆರೆಹೊಳೆಗಳಲ್ಲಿರುವ ಗೋಬಿ ಜಾತಿಯ ಮೀನುಗಳಿಗೆ ಇದು ದೂರದ ಬಂಧು. ಬೆರಳುದ್ದದ ದೇಹ, ನೀಲಿಯ ಮೇಲೆ ಕೆಂಪು ಗೆರೆಗಳು, ಬಾಲದ ಬುಡದಲ್ಲಿ ನವಿಲುಗಣ್ಣಿನಂತಹ ಕಪ್ಪು ಬೊಟ್ಟು. ಮರಿಮಾಡುವ ಕಾಲದಲ್ಲಿ ಗಂಡು ಒಂದು ಕಿರುಗುಹೆಯನ್ನು ಆರಿಸಿಕೊಳ್ಳುತ್ತದೆ. ಸಾಕುವವರು ಸಣ್ಣ ಕೊಳವೆಯನ್ನೋ ಮಡಕೆಯ ಚೂರನ್ನೋ ಇಟ್ಟರೆ ಸಾಕು. ಹೆಣ್ಣು ಗುಹೆಯ ಚಾವಣಿಗೆ ಮೊಟ್ಟೆಗಳನ್ನು ಅಂಟಿಸಿ ಹೊರಟುಹೋಗುವುದು. ಆಮೇಲೆ ಗಂಡಿನದೇ ಕಾವಲು. ಸುಮಾರು ಒಂದು ವಾರ ಅದು ಆ ಸ್ಥಳವನ್ನು ಬಿಟ್ಟು ಕದಲದೆ, ರೆಕ್ಕೆಯಿಂದ ನೀರನ್ನು ಬೀಸಿ ಬೀಸಿ ಮೊಟ್ಟೆಗಳಿಗೆ ಉಸಿರನ್ನು ಒದಗಿಸುತ್ತದೆ.

ಮರಿಗಳು ಹೊರಬಂದು ಈಜತೊಡಗಿದೊಡನೆ ತಂದೆಯ ಕರ್ತವ್ಯ ಮುಗಿಯುತ್ತದೆ. ಅದೇ ತೊಟ್ಟಿಯಲ್ಲಿ ಬಿಟ್ಟರೆ ಅವು ದೊಡ್ಡ ಮೀನುಗಳಿಗೆ ಆಹಾರವಾಗುವುದುಂಟು. ಆದಕಾರಣ ಸಾಕುವವನು ಮರಿಗಳನ್ನು ಬೇರ್ಪಡಿಸಿ, ಮೊದಲು ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಜಲಜೀವಿಗಳನ್ನೂ, ಅನಂತರ ಆಗತಾನೆ ಮೊಟ್ಟೆಯೊಡೆದ ಆರ್ಟೀಮಿಯಾ ಎಂಬ ಕಿರುಸೀಗಡಿಗಳನ್ನೂ ಉಣಿಸಿ ಬೆಳೆಸುತ್ತಾನೆ. ತೊರೆಯಲ್ಲಾದರೆ ಹುಟ್ಟಿದುವುಗಳಲ್ಲಿ ಬಹುಪಾಲು ಅಳಿದು ಕೆಲವು ಉಳಿಯುವುವು. ಆ ಕಠಿಣವಾದ ಲೆಕ್ಕವನ್ನು ನಾವು ಅಳಿಸಿಹಾಕಿದೆವು. ಅಳಿಸಿದ ಮೇಲೆ ಬೇರೊಂದು ಲೆಕ್ಕವನ್ನು ಬರೆಯುವ ಭಾರವೂ ನಮ್ಮದೇ ಆಯಿತಲ್ಲವೆ? ಮೀನನ್ನು ಕೊಂಡವನು ಆಗಲೇ ಇದ್ದ ಜೀವವೊಂದಕ್ಕೆ ಹೊಣೆಯಾಗುತ್ತಾನೆ. ಮರಿಮಾಡಿಸುವವನಾದರೋ ತನ್ನ ಗಾಜಿನ ಹೊರಗೆ ಎಲ್ಲಿಯೂ ನೆಲೆಯಿಲ್ಲದ ಜೀವಗಳನ್ನು ಲೋಕಕ್ಕೆ ಕರೆತರುತ್ತಾನೆ.

ಇದಕ್ಕೆ ಕೆಲವರು ಹೇಳುವ ಸಮಾಧಾನವೇನೆಂದರೆ, ಮೀನು ಮರಿಮಾಡಿತೆಂದರೆ ಅದು ಸುಖವಾಗಿದೆಯೆಂದೇ ಅರ್ಥ ಎಂಬುದು. ನೀರು, ಆಹಾರ, ಮರೆ ಈ ಮೂರೂ ದೇಹಕ್ಕೆ ಸಾಕಷ್ಟು ದೊರೆತಿವೆಯೆಂಬುದಕ್ಕೆ ಅದು ಸಾಕ್ಷಿಯೆಂದು ಒಪ್ಪಬಹುದು. ಅದಕ್ಕಿಂತ ಹೆಚ್ಚಿಗೆ ಅದರಿಂದ ಏನೂ ಸಿದ್ಧವಾಗದು. ಕ್ಷಾಮ ಬಿದ್ದ ನಾಡಿನಲ್ಲಿಯೂ ತೊಟ್ಟಿಲುಗಳು ತೂಗುತ್ತವೆ.

ಎರಡನೆಯ ವಾದಕ್ಕೆ ಹೆಚ್ಚಿನ ತೂಕವುಂಟು. ಮನೆಯಲ್ಲಿ ಮರಿಮಾಡಿಸಿದಷ್ಟೂ ಹೊಳೆಯಿಂದ ಹಿಡಿದು ತರುವುದು ಕಡಮೆಯಾಗುವುದೆನ್ನುತ್ತಾರೆ. ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ ಕಾಸರಗೋಡಿನ ಸೀಮೆಯಲ್ಲಿ ಹರಿಯುವ ಚಂದ್ರಗಿರಿ ಹೊಳೆಯಲ್ಲಿ ಕೆಂಪು ಪಟ್ಟೆಯ ಸುಂದರವಾದ ಮೀನೊಂದಿದೆ. ಮಾರುವವರು ಅದನ್ನು ಮಿಸ್ ಕೇರಳ ಎನ್ನುತ್ತಾರೆ. ಪಶ್ಚಿಮಘಟ್ಟದ ಕೆಲವೇ ಹೊಳೆಗಳಲ್ಲಿ ದೊರೆಯುವ ಈ ಮೀನನ್ನು ದೇಶವಿದೇಶಗಳ ಗಾಜಿನ ತೊಟ್ಟಿಗಳಿಗಾಗಿ ಮಿತಿಯಿಲ್ಲದೆ ಹಿಡಿದುದರಿಂದ ಅದು ಅಪಾಯಕ್ಕೊಳಗಾದ ಜಾತಿಗಳ ಪಟ್ಟಿಗೆ ಸೇರಿತು. ಇಂಥವನ್ನು ತೊಟ್ಟಿಯಲ್ಲಿಯೇ ಮರಿಮಾಡಿಸುವವನು ಹೊಳೆಗೆ ಉಪಕಾರಿಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಹೊಳೆಗೆ ಮಾಡಿದ ಉಪಕಾರವು ಮರಿಗಳಿಗೆ ಸಲ್ಲಬೇಕಾದುದನ್ನು ತೀರಿಸುವುದಿಲ್ಲ. ಒಬ್ಬನಿಗೆ ದಾನಕೊಟ್ಟ ಮಾತ್ರಕ್ಕೆ ಇನ್ನೊಬ್ಬನ ಸಾಲ ತೀರಿತೆಂದು ಯಾರೂ ಒಪ್ಪುವುದಿಲ್ಲವಷ್ಟೆ.

ಮೀನು ಸಾಕಿದವರ ಕಥೆಗಳಲ್ಲಿ ಬಹು ಪ್ರಾಚೀನವಾದುದು ಶತಪಥಬ್ರಾಹ್ಮಣದ ಮನುವಿನ ಕಥೆ. ಕೈತೊಳೆಯುವ ನೀರಿನಲ್ಲಿ ಬಂದ ಕಿರುಮೀನು, ದೊಡ್ಡ ಮೀನುಗಳು ತನ್ನನ್ನು ನುಂಗುವುವೆಂದು ಹೇಳಿ ರಕ್ಷಣೆಯನ್ನು ಬೇಡಿತು. ಮನು ಅದನ್ನು ಮೊದಲು ಕುಂಭದಲ್ಲಿಟ್ಟನು, ಬೆಳೆದಾಗ ಹಳ್ಳದಲ್ಲಿಟ್ಟನು, ಇನ್ನೂ ಬೆಳೆದಾಗ ಕಡಲಿಗೆ ಒಯ್ದನು. ಪ್ರಳಯವನ್ನೂ ದೋಣಿಯನ್ನೂ ನಾವೆಲ್ಲರೂ ನೆನೆಯುತ್ತೇವೆ. ಪಾತ್ರೆಯ ಸಂಗತಿಯನ್ನು ಮರೆಯುತ್ತೇವೆ. ಮೀನು ಬೆಳೆದಂತೆ ಮನುವಿನ ಪಾತ್ರೆಯೂ ಬೆಳೆಯಿತೆಂಬುದೇ ಸಾಕುವವನಿಗೆ ಆ ಕಥೆಯಲ್ಲಿರುವ ಬೋಧೆ. ಅಲ್ಲಿ ಮೀನು ತಾನಾಗಿ ಬೇಡಿ ಬಂದಿತ್ತು; ನಮ್ಮ ಮೀನು ಬೇಡಲಿಲ್ಲ. ಹಾಗಿರುವಲ್ಲಿ ನಮ್ಮ ಹೊಣೆ ಮನುವಿನದಕ್ಕಿಂತ ಕಿರಿದಾಗುವುದೆಂತು?

ಮನು ಕಡೆಗೆ ಮೀನನ್ನು ಕಡಲಿಗೆ ಬಿಟ್ಟನಲ್ಲವೆ, ನಾವೂ ಹೆಚ್ಚಾದ ಮರಿಗಳನ್ನು ಕೆರೆಗೆ ಬಿಟ್ಟರೆ ಪುಣ್ಯವೇ ಅಲ್ಲವೆ ಎಂದು ಕೇಳುವವರುಂಟು. ಬಂಧನದಿಂದ ಬಿಡಿಸಿದೆವೆಂಬ ತೃಪ್ತಿಯು ಇಲ್ಲಿ ನಮ್ಮನ್ನು ಮೋಸಗೊಳಿಸುತ್ತದೆ. ಪಪುವಾದ ತೊರೆಯ ಮೀನಿಗೆ ನಮ್ಮ ಕೆರೆ ತವರಲ್ಲ. ಕೆಂಗೇರಿಯ ಬಳಿ ಹರಿಯುವ ವೃಷಭಾವತಿ ಇಂದು ನಗರದ ಕೊಳೆಯನ್ನು ಹೊತ್ತ ಕಾಲುವೆಯಾಗಿದೆ. ಅದರಲ್ಲಿ ಬಿಡುವುದು ಕೊಲ್ಲುವುದಕ್ಕೆ ಸಮಾನ. ಒಂದು ವೇಳೆ ಬದುಕಿ ಮುಂದುವರಿದರೆ ಅರ್ಕಾವತಿಯ ಮೂಲಕ ಕಾವೇರಿಗೆ ದಾರಿಯುಂಟು. ಕಾವೇರಿಯ ಕಥೆ ನಮಗೆ ಎಚ್ಚರಿಕೆಯಾಗಬೇಕು. ಆ ನದಿಗೇ ವಿಶಿಷ್ಟವಾದ ಗೂನುಬೆನ್ನಿನ ಮಹಸೀರಿನ ಶಾಸ್ತ್ರೀಯ ನಾಮ ಖಚಿತವಾದುದು 2018ರಲ್ಲಿ. ಅದೇ ವರ್ಷ ಅದು ತೀವ್ರ ಅಪಾಯಕ್ಕೊಳಗಾದ ಜಾತಿಗಳ ಪಟ್ಟಿಗೂ ಸೇರಿತು. ಬೇರೆಡೆ ಮರಿಮಾಡಿಸಿ ಸದುದ್ದೇಶದಿಂದಲೇ ತಂದುಬಿಟ್ಟ ನೀಲಿರೆಕ್ಕೆಯ ಮಹಸೀರು ಅದರ ಅವನತಿಗೆ ಒಂದು ಕಾರಣವೆಂದು ಸಂಶೋಧಕರು ಹೇಳುತ್ತಾರೆ. ನದಿಯಲ್ಲಿ ಸದುದ್ದೇಶಕ್ಕೆ ವಿನಾಯಿತಿಯಿಲ್ಲ.

ಮೀನನ್ನು ನೋಡಿ ನಲಿಯುವುದಕ್ಕೆ ನಮ್ಮ ನಾಡಿನಲ್ಲಿ ಬೇರೊಂದು ಸಂಪ್ರದಾಯವೂ ಉಂಟು. ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ಮೀನು ತನ್ನ ನೀರಿನಲ್ಲಿಯೇ ಇರುತ್ತದೆ; ಮನುಷ್ಯನೇ ಹೊಳೆಯ ಬಳಿಗೆ ಹೋಗುತ್ತಾನೆ. ಎಲ್ಲರೂ ಹಾಗೆಯೇ ಮಾಡತಕ್ಕದ್ದೆಂದು ವಿಧಿಸುವುದು ಈ ಲೇಖನದ ಉದ್ದೇಶವಲ್ಲ. ತೊಟ್ಟಿಯ ಮುಂದೆ ಕುಳಿತು ತಂದೆಮೀನಿನ ಕಾವಲನ್ನು ಕಂಡ ಮಗುವಿನ ಮನಸ್ಸಿನಲ್ಲಿ ಜೀವದ ಬಗ್ಗೆ ಗೌರವ ಮೂಡುವುದೂ ನಿಜ. ಆದರೆ ಮೊಟ್ಟೆಯ ಕನಸನ್ನು ಕಾಣುವ ಮುನ್ನ ಗೃಹಸ್ಥನು ಒಂದು ಸರಳವಾದ ಎಣಿಕೆಯನ್ನು ಮಾಡಬೇಕು. ಬೆಳೆದ ಮರಿಗಳಿಗೆ ಎಷ್ಟು ತೊಟ್ಟಿ, ಎಷ್ಟು ನೀರು, ಅವುಗಳನ್ನು ತಕ್ಕಂತೆ ನೋಡಿಕೊಳ್ಳುವ ಎಷ್ಟು ಮನೆಗಳು ತನಗೆ ಗೊತ್ತಿವೆ? ಉತ್ತರ ದೊರೆಯದಿದ್ದರೆ ಆ ಮಡಕೆಯ ಚೂರನ್ನು ತೊಟ್ಟಿಯಿಂದ ತೆಗೆದಿಡುವುದೇ ಲೇಸು.

ಮನುಷ್ಯನಾದ ಸಾಲಿಗನು ಬಾಗಿಲಿಗೆ ಬಂದು ಕೇಳುತ್ತಾನೆ. ಕೊಡದಿದ್ದರೆ ನ್ಯಾಯಸ್ಥಾನಕ್ಕೆ ಹೋಗುತ್ತಾನೆ. ಮೀನು ಕೇಳದು, ಕೂಗದು, ದೂರದು. ಕೇಳಬಲ್ಲವನ ಸಾಲವನ್ನು ಭಯದಿಂದಲೂ ತೀರಿಸಬಹುದು. ಕೇಳಲಾರದವನ ಸಾಲವನ್ನು ತೀರಿಸುವುದು ಧರ್ಮಬುದ್ಧಿಯೊಂದರಿಂದಲೇ ಸಾಧ್ಯ.