ಮುಯ್ಯಾಳೋ, ಬಿಟ್ಟಿಯೋ

1945ರ ಜೂನ್ 1ರಂದು, ಇಂಡೋನೇಷ್ಯಾದ ಸ್ವಾತಂತ್ರ್ಯ ಘೋಷಣೆಗೆ ಇನ್ನೂ ಎರಡೂವರೆ ತಿಂಗಳಿರುವಾಗ, ಸುಕಾರ್ನೊ ಹುಟ್ಟಲಿರುವ ರಾಷ್ಟ್ರಕ್ಕೆ ಐದು ತತ್ವಗಳನ್ನು ಸೂಚಿಸಿದರು. ಐದು ಹೆಚ್ಚಾಯಿತೆಂದರೆ ಮೂರಕ್ಕೆ ಇಳಿಸಬಹುದು, ಮೂರೂ ಬೇಡವೆಂದರೆ ಒಂದೇ ಮಾತಿನಲ್ಲಿ ಹೇಳಬಹುದು ಎಂದು ಅವರು ಕೊನೆಗೆ ಮುಂದಿಟ್ಟ ಪದ ‘ಗೋತೊಂಗ್ ರೊಯೊಂಗ್’. ಎಲ್ಲರೂ ಸೇರಿ ಭಾರ ಹೊರುವುದು ಎಂಬುದು ಅದರ ಭಾವ. ನಮ್ಮ ಹಳ್ಳಿಗಳ ಮುಯ್ಯಾಳು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ಇವತ್ತು ನನ್ನ ಗದ್ದೆಯ ನಾಟಿಗೆ ನೀವು, ನಾಳೆ ನಿಮ್ಮ ಗದ್ದೆಗೆ ನಾನು.

ಆದರೆ ಕನ್ನಡದಲ್ಲಿ ಬಿಟ್ಟಿ ಎಂಬ ಇನ್ನೊಂದು ಪದವೂ ಇದೆ. ಮುಯ್ಯಾಳಿನಲ್ಲೂ ಕೂಲಿಯಿಲ್ಲ, ಬಿಟ್ಟಿಯಲ್ಲೂ ಕೂಲಿಯಿಲ್ಲ. ದಾರಿಹೋಕನ ಕಣ್ಣಿಗೆ ಎರಡೂ ಒಂದೇ: ಊರ ಜನ ಗುದ್ದಲಿ ಬುಟ್ಟಿ ಹಿಡಿದು ಮಣ್ಣು ಹೊರುತ್ತಿದ್ದಾರೆ. ‘ಇವತ್ತು ಬರಲಾರೆ’ ಎಂದವನಿಗೆ ಏನಾಗುತ್ತದೆ, ಹೊತ್ತ ಮಣ್ಣಿನ ಋಣ ಎಂದಾದರೂ ಅವನ ಮನೆಗೆ ಹಿಂದಿರುಗುತ್ತದೆಯೇ ಎಂದು ಕೇಳಿದಾಗಷ್ಟೇ ಎರಡೂ ಬೇರೆಯಾಗುತ್ತವೆ. ಮಾನವಶಾಸ್ತ್ರಜ್ಞ ಜಾನ್ ಬೋವನ್ 1986ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇಂಡೋನೇಷ್ಯಾದಲ್ಲಿನ ಇಂಥದೇ ಗೋಜಲನ್ನು ಬಿಡಿಸಿದರು. ಆಳಿಗೆ ಆಳು ಕೊಡುವ ವಿನಿಮಯ, ಸಾವು ಮದುವೆಗಳಲ್ಲಿ ಒದಗುವ ನೆರವು, ಮೇಲಿನವರು ಕರೆದಾಗ ಹೋಗಲೇಬೇಕಾದ ದುಡಿಮೆ, ಈ ಮೂರನ್ನೂ ಗೋತೊಂಗ್ ರೊಯೊಂಗ್ ಎಂಬ ಒಂದೇ ಹೆಸರಿನಡಿ ಸೇರಿಸಲಾಗಿತ್ತು. ಡಚ್ಚರ ಕಾಲದ ಕಡ್ಡಾಯ ದುಡಿಮೆಯ ನೆನಪು ಇನ್ನೂ ಮಾಸದಿದ್ದ ಹಳ್ಳಿಗಳಲ್ಲಿ, ಸುಕಾರ್ನೊ ನಂತರ ಬಂದ ಸುಹಾರ್ತೊ ಆಡಳಿತ ರಸ್ತೆ ಕಾಲುವೆಗಳಿಗೆ ಜನರ ದುಡಿಮೆಯನ್ನು ಪಡೆದದ್ದು ಸಂಪ್ರದಾಯದ ಹೆಸರಿನಲ್ಲಿ.

ಊರಿನ ರಸ್ತೆ ಊರಿಗೇ ತಾನೇ, ಇದರಲ್ಲಿ ಅನ್ಯಾಯವೇನು ಎಂದು ಕೇಳಬಹುದು. ಲೆಕ್ಕ ಹಾಕಿ ನೋಡೋಣ. ಹತ್ತು ಎಕರೆಯವನು ತನ್ನ ಬದಲು ಆಳನ್ನು ಕಳಿಸಬಲ್ಲ. ಭೂಮಿಯಿಲ್ಲದವನು ತನ್ನ ಒಂದು ದಿನದ ಅನ್ನವನ್ನು ಕೊಡುತ್ತಾನೆ. ರಸ್ತೆಯಾದ ಮೇಲೆ ಬೆಲೆ ಏರುವುದು ಅದರ ಪಕ್ಕದ ಜಮೀನಿಗೆ. ಸಮಾನವಾಗಿ ಹೊತ್ತ ಭಾರದ ಫಲ ಸಮಾನವಾಗಿ ಹಂಚಿಹೋಗುವುದಿಲ್ಲ.

ಹಾಗೆಂದು ಸಂಪ್ರದಾಯವೆಂದರೆ ಬಡವನ ಮೇಲಿನ ಹೊರೆಯೆಂದಷ್ಟೇ ತೀರ್ಮಾನಿಸುವಂತಿಲ್ಲ. ಜಾವಾದ ಹಳ್ಳಿಗಳಲ್ಲಿ ಹೆಂಗಸರು ಅಂಗೈಯಲ್ಲಿ ಅಡಗುವಷ್ಟು ಚಿಕ್ಕ ‘ಅನಿ ಅನಿ’ ಎಂಬ ಕೈಗತ್ತಿಯಿಂದ ಭತ್ತದ ತೆನೆಗಳನ್ನು ಒಂದೊಂದಾಗಿ ಕೊಯ್ಯುತ್ತಿದ್ದರು. ಕೊಯ್ಲಿಗೆ ಬಂದವರನ್ನು ಹಿಂದೆ ಕಳಿಸುವ ರೂಢಿ ಹಲವೆಡೆ ಇರಲಿಲ್ಲ. ಕೊಯ್ದದ್ದರಲ್ಲಿ ‘ಬಾವೊನ್’ ಎಂಬ ಪಾಲು ಅವರಿಗೆ ಸಲ್ಲುತ್ತಿತ್ತು. ಕ್ಲಿಫರ್ಡ್ ಗೀರ್ಟ್ಜ್ 1963ರ ತಮ್ಮ ಪುಸ್ತಕದಲ್ಲಿ ಇಂಥ ವ್ಯವಸ್ಥೆಯನ್ನು ಬಡತನದ ಹಂಚಿಕೆ ಎಂದು ವಿವರಿಸಿದರು. ಹಳ್ಳಿಯೊಳಗಿನ ಅಸಮಾನತೆಯನ್ನು ಅವರು ಕಡಿಮೆ ಅಂದಾಜಿಸಿದರು ಎಂದು ನಂತರದ ಸಂಶೋಧಕರು ಆಕ್ಷೇಪಿಸಿದ್ದು ಸರಿಯೇ. ಆದರೂ ಭೂಮಿಯಿಲ್ಲದ ಹೆಂಗಸಿಗೆ ಆ ಪಾಲು ಭಿಕ್ಷೆಯಾಗಿರಲಿಲ್ಲ, ಹಕ್ಕಾಗಿತ್ತು. 1970ರ ದಶಕದ ಆರಂಭದಲ್ಲಿ ಗಿಡ್ಡ ತಳಿಯ ಭತ್ತ ಹರಡಿತು. ‘ತೆಬಾಸಾನ್’ ಪದ್ಧತಿಯಲ್ಲಿ ಮಾಲೀಕರು ಪೈರು ಗದ್ದೆಯಲ್ಲಿರುವಾಗಲೇ ವ್ಯಾಪಾರಿಗೆ ಮಾರತೊಡಗಿದರು. ವ್ಯಾಪಾರಿ ಕುಡುಗೋಲು ಹಿಡಿದ ತನ್ನ ಆಳುಗಳನ್ನೇ ಕರೆತಂದ. ಖರ್ಚು ಉಳಿಯಿತು, ನಿಜ. ಆ ಉಳಿತಾಯ ಬಂದದ್ದು ಆ ಹೆಂಗಸರ ಪಾಲಿನಿಂದ. ಭಾಷಣಗಳಲ್ಲಿ ಗೋತೊಂಗ್ ರೊಯೊಂಗ್ ಕೊಂಡಾಡುತ್ತಿದ್ದ ಆಡಳಿತ ಈ ಸಂಪ್ರದಾಯದ ಕೈ ಹಿಡಿಯಲಿಲ್ಲ.

ಬಾಲಿಯ ‘ಸುಬಾಕ್’ ಕಲಿಸುವ ಪಾಠ ಇನ್ನೂ ಸೂಕ್ಷ್ಮವಾದದ್ದು. ಒಂದೇ ಮೂಲದ ನೀರು ಕುಡಿಯುವ ಗದ್ದೆಗಳ ರೈತರ ಈ ಕೂಟಗಳಿಗೆ ಸುಮಾರು ಸಾವಿರ ವರ್ಷಗಳ ಇತಿಹಾಸವಿದೆ. ಯಾವಾಗ ನಾಟಿ ಮಾಡಬೇಕು, ಯಾವಾಗ ಗದ್ದೆ ಬಿಡಬೇಕು ಎಂಬುದನ್ನು ಅವರು ನೀರಿನ ದೇಗುಲಗಳಲ್ಲಿ ಸೇರಿ ಗೊತ್ತುಮಾಡುತ್ತಾರೆ. 1970ರ ದಶಕದಲ್ಲಿ ಸರ್ಕಾರ ಹೊಸ ತಳಿ, ಗೊಬ್ಬರ, ಕೀಟನಾಶಕಗಳನ್ನು ಒದಗಿಸಿ, ಸಾಧ್ಯವಾದಷ್ಟು ಸಲ ಬೆಳೆ ತೆಗೆಯಿರಿ ಎಂದಿತು. ದೇಗುಲದ ಪಂಚಾಂಗ ಅಭಿವೃದ್ಧಿಗೆ ಅಡ್ಡಿಯಾಗಿ ಕಂಡಿತು. ಸರದಿಯ ಕ್ರಮ ತಪ್ಪಿದಾಗ ನೀರಿನ ಜಗಳ ಶುರುವಾಯಿತು, ಕೀಟ ಮುತ್ತಿತು. ಮಾನವಶಾಸ್ತ್ರಜ್ಞ ಸ್ಟೀಫನ್ ಲ್ಯಾನ್ಸಿಂಗ್ ಮತ್ತು ಪರಿಸರ ವಿಜ್ಞಾನಿ ಜೇಮ್ಸ್ ಕ್ರೆಮರ್ ಇದನ್ನು ಕಂಪ್ಯೂಟರ್ ಮಾದರಿಯಲ್ಲಿ ಪರೀಕ್ಷಿಸಿದರು. ಇಡೀ ಬಯಲು ಒಟ್ಟಿಗೆ ಖಾಲಿ ಬಿದ್ದರೆ ಕೀಟಕ್ಕೆ ಆಹಾರವಿಲ್ಲ. ಆದರೆ ಎಲ್ಲರೂ ಒಟ್ಟಿಗೆ ನಾಟಿ ಮಾಡಿದರೆ ನೀರು ಸಾಲದು. ಈ ಎರಡರ ನಡುವಿನ ಹದವನ್ನು ದೇಗುಲಗಳ ಜಾಲ ಕಂಡುಕೊಂಡಿತ್ತು.

ಇದರಿಂದ ಪುರೋಹಿತರ ಮಹಿಮೆ ಸಾಬೀತಾಯಿತೆಂದು ಹಿಗ್ಗುವವರು ಲ್ಯಾನ್ಸಿಂಗ್ ಮುಂದೆ ಕೇಳಿದ ಪ್ರಶ್ನೆಯನ್ನೂ ಗಮನಿಸಬೇಕು. ಹೊಳೆಯ ಮೇಲ್ಭಾಗದ ರೈತನಿಗೆ ನೀರಿನ ಚಿಂತೆಯಿಲ್ಲ. ಅವನೇಕೆ ಕೆಳಗಿನವನ ಮಾತು ಕೇಳುತ್ತಾನೆ? ಕೆಳಗಿನವನು ತನ್ನ ಜೊತೆಗೇ ಗದ್ದೆ ಖಾಲಿ ಬಿಡದಿದ್ದರೆ ಅಲ್ಲಿಯ ಕೀಟ ಮೇಲಕ್ಕೆ ಬರುತ್ತದೆ. ಮೇಲಿನವನಿಗೆ ಕೀಟದ ಭಯ, ಕೆಳಗಿನವನಿಗೆ ನೀರಿನ ಭಯ. ಒಬ್ಬರಿಲ್ಲದೆ ಇನ್ನೊಬ್ಬರಿಗೆ ಬೆಳೆಯಿಲ್ಲ. ಪೂಜೆ ಈ ಒಪ್ಪಂದವನ್ನು ನೆನಪಿಸುತ್ತದೆ, ಆದರೆ ಅದನ್ನು ಹಿಡಿದಿಟ್ಟಿರುವುದು ಪರಸ್ಪರ ಹಿತ. ಇದು ನಿಜವಾದ ಮುಯ್ಯಿ.

ಹೊಸ ಕೃಷಿಯನ್ನು ಹಳಿದು ಮುಗಿಸುವುದೂ ಪ್ರಾಮಾಣಿಕವಲ್ಲ. ಅಪಾರ ಅಕ್ಕಿ ಆಮದು ಮಾಡಿಕೊಳ್ಳುತ್ತಿದ್ದ ಇಂಡೋನೇಷ್ಯಾ 1984ರ ಹೊತ್ತಿಗೆ ಅಕ್ಕಿಯಲ್ಲಿ ಸ್ವಾವಲಂಬಿಯಾಯಿತು. ಹಸಿದವರ ಪಾಲಿಗೆ ಅದು ಚಿಕ್ಕ ಸಂಗತಿಯಲ್ಲ. ವಿಷ ಸಿಂಪಡಿಸಿದಷ್ಟೂ ಭತ್ತದ ಜಿಗಿಹುಳು ಹೆಚ್ಚುತ್ತಿದೆ, ಅದರ ಶತ್ರುಕೀಟಗಳೇ ಮೊದಲು ಸಾಯುತ್ತಿವೆ ಎಂದು ವಿಜ್ಞಾನಿಗಳು ತೋರಿಸಿಕೊಟ್ಟ ಮೇಲೆ, 1986ರಲ್ಲಿ ಅದೇ ಸರ್ಕಾರ ಭತ್ತಕ್ಕೆ 57 ಕೀಟನಾಶಕಗಳನ್ನು ನಿಷೇಧಿಸಿತು. ಸಾಕ್ಷ್ಯ ಕಂಡಾಗ ದಾರಿ ಬದಲಿಸಿದ ಆ ನಡೆಯನ್ನು ನಾನು ಗೌರವಿಸುತ್ತೇನೆ.

ಹಾಗಾದರೆ ಹಳ್ಳಿಯನ್ನು ಹಳ್ಳಿಗೇ ಬಿಟ್ಟರೆ ಸಾಕೇ? ಅದೇ ಬಾಲಿಯಲ್ಲಿ ‘ಕಸೆಪೆಕಾಂಗ್’ ಎಂಬ ಶಿಕ್ಷೆಯೂ ಇದೆ. ಊರ ಕಟ್ಟಳೆ ಮೀರಿದವರೊಡನೆ ಯಾರೂ ಮಾತಾಡುವಂತಿಲ್ಲ. ಕೆಲವು ಸಲ ಸತ್ತವರಿಗೆ ಊರ ಸ್ಮಶಾನವೂ ಸಿಗುವುದಿಲ್ಲ. ಬಹಿಷ್ಕಾರ ಎಂಬ ಪದದ ತೂಕ ನಮಗೆ ಗೊತ್ತಿದೆ. ಕಾಲುವೆಯ ನೀರನ್ನು ನ್ಯಾಯವಾಗಿ ಹಂಚಬಲ್ಲ ಸಮುದಾಯವೇ ಒಬ್ಬ ಮನುಷ್ಯನ ಘನತೆಯನ್ನು ಕಿತ್ತುಕೊಳ್ಳಲೂ ಬಲ್ಲದು. ಅದಕ್ಕೇ ಸಂಪ್ರದಾಯವನ್ನು ಇಡಿಯಾಗಿ ಒಪ್ಪುವುದೂ ಇಡಿಯಾಗಿ ತಳ್ಳುವುದೂ ನನಗೆ ವಿಚಾರದಿಂದ ತಪ್ಪಿಸಿಕೊಳ್ಳುವ ಎರಡು ದಾರಿಗಳಾಗಿ ಕಾಣುತ್ತವೆ.

ಯಾವುದನ್ನು ಹಳ್ಳಿಗೆ ಬಿಡಬೇಕು, ಯಾವುದನ್ನು ಬಿಡಬಾರದು ಎಂಬುದಕ್ಕೆ ಒಂದು ಸುಳಿವಿದೆ. ಅರ್ಥಶಾಸ್ತ್ರಜ್ಞ ಬೆಂಜಮಿನ್ ಓಲ್ಕನ್ ಜಾವಾದ 608 ಹಳ್ಳಿಗಳ ರಸ್ತೆ ಕಾಮಗಾರಿಗಳಲ್ಲಿ ನಡೆಸಿದ ಪ್ರಯೋಗ 2007ರಲ್ಲಿ ಪ್ರಕಟವಾಯಿತು. ಎಂಜಿನಿಯರುಗಳು ಮುಗಿದ ರಸ್ತೆಯನ್ನು ಅಗೆದು, ಲೆಕ್ಕದಲ್ಲಿ ಬರೆದಷ್ಟು ಮರಳು ಜಲ್ಲಿ ಅಲ್ಲಿದೆಯೇ ಎಂದು ಅಳೆದರು. ಸರ್ಕಾರಿ ಲೆಕ್ಕತಪಾಸಣೆ ಖಚಿತವೆಂದು ಮೊದಲೇ ತಿಳಿಸಿದ ಹಳ್ಳಿಗಳಲ್ಲಿ ಸೋರಿಕೆ 8 ಶೇಕಡಾಂಶ ತಗ್ಗಿತು. ಜನರನ್ನು ಹೆಚ್ಚು ಸಂಖ್ಯೆಯಲ್ಲಿ ಸಭೆಗೆ ಕರೆದದ್ದರಿಂದ ಒಟ್ಟು ಸೋರಿಕೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಾಗಲಿಲ್ಲ. ಆದರೆ ಸಭೆಗೆ ಜನ ಬಂದಲ್ಲಿ ಕೂಲಿ ಹಣದ ಕಳವು ಕಡಿಮೆಯಾಯಿತು, ಸಾಮಗ್ರಿಯ ಕಳವು ಕಡಿಮೆಯಾಗಲಿಲ್ಲ. ತನ್ನ ಕೂಲಿ ಎಷ್ಟೆಂದು ಪ್ರತಿಯೊಬ್ಬನಿಗೂ ಗೊತ್ತು. ರಸ್ತೆಯಡಿಯ ಜಲ್ಲಿ ಯಾರೊಬ್ಬನದೂ ಅಲ್ಲ. ಜನ ಕಾಯಬಲ್ಲದ್ದನ್ನು ಜನ ಕಾಯಲಿ, ಅವರ ಕಣ್ಣಿಗೆ ಕಾಣದ್ದನ್ನು ಅಗೆದು ನೋಡುವ ಹೊಣೆ ಸರ್ಕಾರದ್ದು.

ಇಂಡೋನೇಷ್ಯಾದ 2014ರ ಗ್ರಾಮ ಕಾಯ್ದೆಯ ನಂತರ, 2015ರಿಂದ, ಸುಮಾರು 74,000 ಹಳ್ಳಿಗಳಿಗೆ ಕೇಂದ್ರದಿಂದ ‘ದಾನಾ ದೇಸಾ’ ಎಂಬ ಅನುದಾನ ಹೋಗುತ್ತಿದೆ. 2018ರಲ್ಲಿ ಬಂದ ನಿಯಮದಂತೆ ಅದರ ಕಾಮಗಾರಿ ಹಣದಲ್ಲಿ ಕನಿಷ್ಠ ಶೇ. 30ರಷ್ಟು ಊರವರಿಗೇ ಕೂಲಿಯಾಗಿ ಸಲ್ಲಬೇಕಾಯಿತು. ಹಿಂದೆ ಗೋತೊಂಗ್ ರೊಯೊಂಗ್ ಎಂದು ಹೊತ್ತ ಅದೇ ಮಣ್ಣಿಗೆ ಈಗ ಹಾಜರಿ ಪುಸ್ತಕವಿದೆ, ಬಟವಾಡೆಯಿದೆ. ಹೀಗೆ ಕೂಲಿ ಕೊಟ್ಟರೆ ಸಹಕಾರದ ಮನೋಭಾವ ಸಾಯುತ್ತದೆ ಎಂಬ ಅಳಲು ಕೇಳಿಬರುತ್ತದೆ. ಆ ಅಳಲನ್ನು ತಳ್ಳಿಹಾಕುವ ಮೊದಲು, ಒಪ್ಪುವ ಮೊದಲೂ, ನಾನು ಆ ಹಾಜರಿ ಪುಸ್ತಕವನ್ನು ತೆರೆದು ನೋಡಲು ಬಯಸುತ್ತೇನೆ. ಅನಿ ಅನಿ ಕಳೆದುಕೊಂಡ ಹೆಂಗಸಿನ ಮೊಮ್ಮಗಳ ಹೆಸರು ಅದರಲ್ಲಿದೆಯೇ?